ಪಕ್ಕದ ಚೀಟಿ

ಅವಳು ಕರಿ ಕಾಗದದ ಬೊಟ್ಟೊಂದನ್ನು ಬೆರಳ ತುದಿಯಲ್ಲಿ ಎತ್ತಿ, ಅಂಟಿನ ಬಟ್ಟಲಿನ ಅಂಚಿಗೆ ಒಮ್ಮೆ ಸವರಿ, ಚೀಟಿಯ ತೂತಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದಳು. ಆಮೇಲೆ ಇನ್ನೊಂದು. ಎದುರಿಗೆ ಕೂತ ತೂಕದ ಸಾಹೇಬರು ಕಾಗದ ಕೊರೆಯುವ ಚಿಕ್ಕ ಯಂತ್ರವನ್ನು ಒತ್ತಿ ಒತ್ತಿ ಬೊಟ್ಟುಗಳನ್ನು ಬೆಂಚಿನ ಮೇಲೆ ಉದುರಿಸುತ್ತಿದ್ದರು. ಹೋದ ವಾರ ಗುಂಡು ಹೊಡೆದ ಗುರಿ ಚೀಟಿಗಳ ತೂತು ಮುಚ್ಚಿದರೆ ಈ ವಾರದ ಅಭ್ಯಾಸಕ್ಕೆ ಮತ್ತೆ ಬರುತ್ತವೆ. ಶೆಡ್ಡಿನ ತಗಡು ಬಿಸಿಲಿಗೆ ಆಗಾಗ ಟಿಕ್ ಎನ್ನುತ್ತಿತ್ತು. ಒಂದು ಬೊಟ್ಟು ಸಾಹೇಬರ ಹೆಬ್ಬೆರಳಿಗೇ ಅಂಟಿಕೊಂಡಿತು. ಅದು ಬಿತ್ತೆಂದುಕೊಂಡು ಅವರು ಬೆಂಚಿನ ಮೇಲೆ ಅಂಗೈ ಆಡಿಸಿ ಹುಡುಕಿದರು, ಬಗ್ಗಿ ನೆಲದಲ್ಲೂ ನೋಡಿದರು, ಹುಡುಕುವ ಬೆರಳಿನ ಮೇಲೆಯೇ ಅದು ಕೂತಿತ್ತು. ಅವಳು ತಲೆ ಎತ್ತದೆ ನೋಡಿದಳು. ಹೇಳಬಹುದಿತ್ತು. ಹೇಳುವ ಬದಲು ತನ್ನ ಕಡೆಯ ಬೊಟ್ಟೊಂದನ್ನು ಉಗುರಿನಿಂದ ಮೆಲ್ಲಗೆ ಅವರ ಮುಂದಕ್ಕೆ ತಳ್ಳಿದಳು. "ಹಾಂ, ಇಲ್ಲಿದೆ," ಎಂಬಂತೆ ಅವರು ತಲೆಯಾಡಿಸಿ ಅದನ್ನು ಎತ್ತಿಕೊಂಡರು. ಅವಳಿಗೆ ಕಿವಿ ಬಿಸಿಯಾಯಿತು. ದಿನ ಇನ್ನೂ ಶುರುವಾಗಿಲ್ಲ, ಆಗಲೇ ಒಂದು ಸುಳ್ಳಾಯಿತು.

ತೂತು ಮುಚ್ಚುವುದು ಅವಳ ಕೆಲಸವೂ ಹೌದು. ವಾರದ ಆರು ದಿನ ಆಸ್ಪತ್ರೆಯ ನೆಲಮಾಳಿಗೆಯ ಹೊಲಿಗೆ ಕೋಣೆಯಲ್ಲಿ ಒಗೆದು ಬಂದ ಹಾಸುಬಟ್ಟೆಗಳನ್ನು ದೀಪಕ್ಕೆ ಹಿಡಿದು, ಎಲ್ಲಿ ಬೆಳಕು ತೂರುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ, ತೇಪೆ ಹಾಕುವುದು. ಹನ್ನೊಂದು ವರ್ಷವಾಯಿತು. ಯಾರ ಬೆನ್ನ ಕೆಳಗಿದ್ದ ಬಟ್ಟೆ, ಯಾರು ಯಾವ ನೋವಿಗೆ ಹಲ್ಲಿನಲ್ಲಿ ಕಚ್ಚಿದ ತೂತು, ಅದೊಂದೂ ಅವಳಿಗೆ ಗೊತ್ತಾಗುತ್ತಿರಲಿಲ್ಲ, ಗೊತ್ತಾಗಬೇಕೆಂದೂ ಇರಲಿಲ್ಲ. ಅಲ್ಲಿನ ಹಿರಿಯ ಹೊಲಿಗೆಯಾಕೆ, "ನಮ್ಮ ಕೆಲಸ ಚೆನ್ನಾಗಾದ್ರೆ ಯಾರಿಗೂ ಕಾಣಬಾರದು ಕಣೆ, ಅದಕ್ಕೇ ನಿನಗೆ ಹೇಳಿ ಮಾಡಿಸಿದ ಹಾಗಿದೆ," ಅನ್ನುತ್ತಿದ್ದಳು. ಹೊಗಳಿಕೆಯೋ ಚುಚ್ಚು ಮಾತೋ ತಿಳಿಯದೆ ಅವಳು ನಕ್ಕುಬಿಡುತ್ತಿದ್ದಳು. ಆ ಕೋಣೆಯ ಕಿಟಕಿಗೇ ಎರಡು ವರ್ಷದ ಹಿಂದೆ ತೂಕದ ಸಾಹೇಬರು ಮಂಡಿಗೆ ಪಟ್ಟಿ ಕಟ್ಟಿಕೊಂಡು ಬಂದದ್ದು, ಕೈಯಲ್ಲಿ ಕ್ಯಾನ್ವಾಸಿನ ಉದ್ದನೆಯ ರೈಫಲ್ ಚೀಲ, ಅದರ ಬುಡ ಕಿತ್ತುಹೋಗಿತ್ತು. ಇಂಥದ್ದನ್ನು ಇಲ್ಲಿ ಹೊಲಿಯುವುದಿಲ್ಲ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ, ಅದಕ್ಕೇ ಹೊಲಿದು ಕೊಟ್ಟಳು. ಅವರು ಹೊಲಿಗೆಯನ್ನು ನೋಡಲಿಲ್ಲ, ಹೆಬ್ಬೆರಳಿನಿಂದ ಉದ್ದಕ್ಕೂ ತಡವಿದರು. "ಒಂದು ಅಂಗುಲಕ್ಕೆ ಹನ್ನೆರಡು. ಎಲ್ಲಾ ಕಡೆ ಹನ್ನೆರಡೇ. ಸೂಜಿಗೆ ದಾರ ಪೋಣಿಸುವಾಗ ನೀನು ಕಣ್ಣು ಕಿರಿದು ಮಾಡಲ್ಲ, ನೋಡಿದೆ. ರಜೆ ದಿನ ಏನು ಮಾಡ್ತೀಯಮ್ಮ?" ಅಂದರು. ಅವಳು ಏನೂ ಮಾಡುತ್ತಿರಲಿಲ್ಲ.

ನಲವತ್ತು ವರ್ಷ ಅಂಗಡಿ ಅಂಗಡಿ ಸುತ್ತಿ ತಕ್ಕಡಿ, ತೂಕದ ಕಲ್ಲು, ಅಳತೆಗೋಲುಗಳನ್ನು ಪರೀಕ್ಷಿಸಿ ಮುದ್ರೆ ಒತ್ತಿದ ಮನುಷ್ಯ. ಅವಳನ್ನು ಅವರು ಕರೆತಂದ ರೈಫಲ್ ಕ್ಲಬ್ಬಿನಲ್ಲಿ ಯಾರೂ ಅವರ ಹೆಸರು ಹೇಳುವುದಿಲ್ಲ. "ತೂಕದ ಸಾಹೇಬರು ಬಂದ್ರು, ಹೊಟ್ಟೆ ಒಳಗೆ ಎಳ್ಕೊಳ್ಳಿ," ಎಂದು ಹಲ್ಲಿನ ಡಾಕ್ಟರು ಪ್ರತಿ ಸಲ ಅದೇ ತಮಾಷೆ ಮಾಡುತ್ತಾರೆ, ಪ್ರತಿ ಸಲ ತಾವೇ ಮೊದಲು ನಗುತ್ತಾರೆ. ಡಾಕ್ಟರ ರೈಫಲ್ಲಿಗೆ ಕೆನ್ನೆಗೊಂದು, ಭುಜಕ್ಕೊಂದು ಹೊಂದಿಸುವ ತಿರುಪು. ಅದನ್ನು ಮಗುವಿನ ಹಾಗೆ ಮೆತ್ತೆಯಲ್ಲಿ ಮಲಗಿಸಿ ತರುತ್ತಾರೆ. ಸಾಹೇಬರು ಅವಳಿಗೆ ಕೊಟ್ಟದ್ದು ತಮ್ಮ ಸ್ವಂತದ್ದು, ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗವೆಂದು ಮೂಲೆಗೆ ಒರಗಿಸಿಟ್ಟಿದ್ದ ಪಾಯಿಂಟ್ ಇಪ್ಪತ್ತೆರಡರ ರೈಫಲ್. ಒಂದು ಸಲಕ್ಕೆ ಒಂದೇ ತೋಟಾ. ಬೀಚ್ ಮರದ ಹಿಡಿ ಸೀಳಿದ್ದು ಅಂಟು ಹಾಕಿ ತಾಮ್ರದ ತಂತಿ ಸುತ್ತಿದೆ. ದುರ್ಬೀನು ಕೂರಿಸುವ ಜಾಗವೇ ಇಲ್ಲ, ಗುರಿ ಹಿಡಿಯಲು ಹಿಂದೆ ಒಂದು ಕಚ್ಚು, ಮುಂದೆ ಒಂದು ಕಡ್ಡಿ, ಅಷ್ಟೇ. ಕ್ಲಬ್ಬಿನವರು ಅದಕ್ಕೆ 'ಸೌದೆ' ಎಂದು ಹೆಸರಿಟ್ಟಿದ್ದರು. ಮೊದಲ ದಿನ ಅವಳು ಅದನ್ನು ಎತ್ತಿಕೊಂಡು ಒಳಗೆ ಬಂದಾಗ ಡಾಕ್ಟರು, "ಓಹೋ, ಒಲೆ ಹಚ್ಚೋಕೆ ಸೌದೆ ಬಂತು," ಅಂದಿದ್ದರು, ಅವಳು ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ಸಾಹೇಬರು, "ಡಾಕ್ಟ್ರೇ, ನೀವು ಕಿತ್ತ ಹಲ್ಲಿಗಿಂತ ಇದು ಗಟ್ಟಿಯಾಗಿದೆ," ಅಂದು ಅವಳಿಗಾಗಿ ಚಾಪೆ ಹಾಸಿದರು. ಎಪ್ಪತ್ತಮೂರು ವರ್ಷದ ಮುದುಕ, ನೋಯುವ ಮಂಡಿ ಊರಿ, ತನಗಾಗಿ ಚಾಪೆ ಹಾಸಿದ್ದು. ತನಗೆ ಯಾರಾದರೂ ಏನನ್ನಾದರೂ ಹಾಸಿದ್ದು ಅವಳಿಗೆ ನೆನಪಿರಲಿಲ್ಲ. ಹಾಸುವುದು ಯಾವಾಗಲೂ ಅವಳ ಕೆಲಸ.

ಮನೆಯಲ್ಲಿ ಅಮ್ಮನಿಗೆ ಇದು ತಿಂಗಳುಗಟ್ಟಲೆ ನಗುವ ವಿಷಯವಾಯಿತು. "ಬಾಯಿಲ್ಲದವಳ ಕೈಗೆ ಕೋವಿ ಕೊಟ್ಟರಂತೆ! ಯಾರನ್ನ ಹೊಡೀತೀಯೆ? ಇರುವೆ ಕಚ್ಚಿದ್ರೂ ಸಾರಿ ಅಂತೀಯ ನೀನು." ಕಾಗದ ಹೊಡೆಯುವುದಮ್ಮ ಅಂದರೆ, "ಕಾಗದ ನಿನಗೇನು ಮಾಡಿತ್ತು?" ಅಂದಳು. ಮಾಡಿತ್ತು, ಎಂದು ಆಗ ಅವಳಿಗೆ ಅನಿಸಿ ಮೈ ಜುಮ್ಮೆಂದಿತ್ತು. ಎಂಟನೇ ಕ್ಲಾಸಿನಲ್ಲಿ ಎದ್ದು ನಿಂತು ಪಾಠದ ಪುಟ ಓದಬೇಕಾಗಿ ಬಂದಾಗ ಅಕ್ಷರಗಳೆಲ್ಲ ಕಾಣುತ್ತಿದ್ದವು, ಕೊನೆಯ ಬೆಂಚಿನಿಂದ ಕರಿಹಲಗೆಯ ಮೂಲೆಯ ತಾರೀಕೂ ಕಾಣುತ್ತಿತ್ತು, ಗಂಟಲು ಮಾತ್ರ ಮುಚ್ಚಿಕೊಂಡಿತ್ತು. ಮೇಡಂ ಗಡಿಯಾರ ನೋಡಿದರು. ನಲವತ್ತು ಜನ ಕಾದರು. ಆಮೇಲೆ ಯಾರೋ ಒಬ್ಬಳು ಹಿಂದಿನಿಂದ ಕುರಿಯ ಹಾಗೆ ಕೂಗಿದಳು. ಮರುದಿನ ಹೊಟ್ಟೆನೋವು, ಅದರ ಮರುದಿನವೂ ಹೊಟ್ಟೆನೋವು, ಹೀಗೆ ಹೊಟ್ಟೆನೋವೇ ದೊಡ್ಡದಾಗಿ ಬೆಳೆದು ಶಾಲೆಯನ್ನು ನುಂಗಿತು. ಇಲ್ಲಿ, ಚಾಪೆಯ ಮೇಲೆ ಬೋರಲು ಮಲಗಿ ಮೊದಲ ಗುಂಡು ಬಿಟ್ಟಾಗ, ಸಾಹೇಬರು ಗುರಿ ಸಿಕ್ಕಿತೋ ಇಲ್ಲವೋ ಕೇಳಲಿಲ್ಲ. "ನೋಡೋಕೆ ಮುಂಚೆ ಹೇಳು. ಎಲ್ಲಿ ಹೋಯ್ತು?" ಅಂದರು. ಅವರು ಕಾದರು. ಗಡಿಯಾರ ನೋಡಲಿಲ್ಲ, ಅವಳನ್ನೂ ನೋಡಲಿಲ್ಲ, ದೂರದ ಮಣ್ಣಿನ ಗೋಡೆಯನ್ನು ನೋಡುತ್ತ ಕಾದರು, ಬೆಳೆಯುವುದಕ್ಕೆ ಹೊತ್ತಾಗುವ ಯಾವುದನ್ನೋ ಕಾಯುವವರ ಹಾಗೆ. "ಆರು," ಅಂದಿದ್ದಳು ಕೊನೆಗೆ. "ಎಡಕ್ಕೆ. ಕೆಳಗೆ." ಪಕ್ಕದಲ್ಲಿ ನಿಲ್ಲಿಸಿದ್ದ ದುರ್ಬೀನಿನಲ್ಲಿ ನೋಡಿದರೆ ಆರರ ಸುತ್ತಿನಲ್ಲೇ, ಎಡಕ್ಕೆ, ಕೆಳಗೆ. "ಇಷ್ಟೇ ಕಣಮ್ಮ ವಿಷಯ," ಅಂದರು ಅವರು. "ಹೊಡೆಯೋದು ಎಲ್ಲರಿಗೂ ಬರುತ್ತೆ. ಬಿಟ್ಟದ್ದು ಎಲ್ಲಿ ಹೋಯ್ತು ಅಂತ ನೋಡದೆ ಹೇಳೋದು, ಅದನ್ನ ಕಲಿ." ಅಂದಿನಿಂದ ಪ್ರತಿ ಗುಂಡಿಗೂ ಅವಳು ಒಂದು ಅಂಕಿ, ಒಂದು ದಿಕ್ಕು ಹೇಳುತ್ತಾಳೆ, ಅವರು ಗೆರೆ ಹಾಕಿದ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಎಣಿಸಿದರೆ ಅವಳು ಜೀವನದಲ್ಲಿ ಅತಿ ಹೆಚ್ಚು ಮಾತಾಡಿದ್ದು ಅವರೊಡನೆಯೇ ಇರಬೇಕು, ಅದೆಲ್ಲವೂ ಎಂಟು, ಒಂಬತ್ತು, ಬಲಕ್ಕೆ, ಮೇಲೆ. ಇದಕ್ಕೆಲ್ಲ ಥ್ಯಾಂಕ್ಸ್ ಎಂಬ ಪದ ಸಾಲದು ಎಂದು ಗೊತ್ತಿದ್ದೂ, ಆ ಸಾಲದ ಪದವನ್ನೂ ಅವಳಿಗೆ ಎರಡು ವರ್ಷದಿಂದ ಹೇಳಲಾಗಿರಲಿಲ್ಲ.

"ಅಂಟು ಸಾಕು," ಅಂದರು ಸಾಹೇಬರು. ಗೇಟಿನ ಸದ್ದಾಗಿತ್ತು. ಕ್ಲಬ್ಬಿನ ಕಾರ್ಯದರ್ಶಿ ಹೊಸ ಚೀಟಿಗಳ ಕಟ್ಟು ಕಂಕುಳಲ್ಲಿಟ್ಟುಕೊಂಡು ಬಂದರು, ಹಿಂದೆ ಹಲ್ಲಿನ ಡಾಕ್ಟರು ಮೆತ್ತೆಯಲ್ಲಿ ಮಲಗಿಸಿದ ರೈಫಲ್ಲಿನೊಂದಿಗೆ. ವರ್ಷದ ಪರೀಕ್ಷೆ ಇವತ್ತು. ಕಾರ್ಯದರ್ಶಿಯ ಮಾತು ಯಾವಾಗಲೂ ಸೂಚನಾ ಫಲಕ ಓದಿದ ಹಾಗೆ. "ಮೂರು ವಿಷಯ. ಹತ್ತು ಗುಂಡು, ಹದಿನೈದು ನಿಮಿಷ. ಮಾತಿಲ್ಲ. ಎರಡನೇದು, ಎಪ್ಪತ್ತು ದಾಟಿದ ಸದಸ್ಯರ ಹತ್ತೂ ತೂತು ಅವರವರ ಚೀಟಿಯಲ್ಲೇ ಇರಬೇಕು. ಪಕ್ಕದ ಚೀಟಿಗೆ ಒಂದೇ ಒಂದು ಬಿದ್ದರೂ ಸಾಲಿನಿಂದ ಆಚೆ, ಶಾಶ್ವತ. ಬೇಜಾರು ಮಾಡ್ಕೋಬೇಡಿ ಸಾಹೇಬ್ರೇ, ಕಣ್ಣು ಹೋದವರ ಕೈಲಿ ಬಂದೂಕು ಇರಬಾರದು, ಅಷ್ಟೇ." "ಸರಿಯಾದ ಮಾತು," ಅಂದರು ಸಾಹೇಬರು. "ನಾನಾಗಿದ್ರೂ ಅದೇ ಬರೀತಿದ್ದೆ." "ಮೂರನೇದು..." ಕಾರ್ಯದರ್ಶಿ ಅವಳ ಕಡೆ ತಿರುಗಿ ಅವಳ ಹೆಗಲ ಮೇಲಿನ ಗಾಳಿಯನ್ನು ನೋಡಿದರು, "ಈ ಹುಡುಗಿ ನೂರಕ್ಕೆ ಎಂಬತ್ತೈದು ಹೊಡೆದರೆ ಸದಸ್ಯೆ. ಇಲ್ಲ ಅಂದ್ರೆ ಈಗಿನ ಹಾಗೇ, ಸಾಹೇಬರ ಜವಾಬ್ದಾರಿಯಲ್ಲಿ." ಅಂದರೆ ಸಾಹೇಬರು ಸಾಲಿನಿಂದ ಆಚೆ ಹೋದರೆ ಅವಳೂ ಆಚೆ. ಎಂಬತ್ತೈದು ಬಂದರೆ ಮಾತ್ರ ಯಾರ ಹಂಗೂ ಇಲ್ಲ. ಅವಳು ತಲೆಯಾಡಿಸಿದಳು. ಡಾಕ್ಟರು, "ಸೌದೆಯಲ್ಲಿ ಎಂಬತ್ತೈದಾ? ಹೊಗೆ ಬರುತ್ತೆ ಅಷ್ಟೇ," ಅಂದರು. ಆದರೂ ತಮ್ಮ ತೋಟಾದ ಒಳ್ಳೆಯ ಡಬ್ಬಿಯನ್ನು ಅವಳ ಕಡೆ ಚಾಚಿ, "ಬೇಕಾದ್ರೆ ಇದರಲ್ಲಿ ಹತ್ತು ತಗೋ," ಎಂದೂ ಅಂದರು. ಅವಳು ತೆಗೆದುಕೊಳ್ಳಲಿಲ್ಲ, ಸೌದೆಗೆ ಅಗ್ಗದ ತೋಟಾವೇ ಒಗ್ಗುತ್ತದೆ. ಆದರೆ ಕೊಡುತ್ತೇನೆಂದ ಕೈಯನ್ನು ಅವಳು ಮರೆಯುವವಳಲ್ಲ.

ಅವಳು ಹೆದರಿದ್ದು ಎಂಬತ್ತೈದಕ್ಕಲ್ಲ. ಸಾಹೇಬರ ಮಂಡಿ ನೋಯುವುದರಿಂದ ಇಪ್ಪತ್ತೈದು ಮೀಟರ್ ನಡೆದು ಇಬ್ಬರ ಚೀಟಿಯನ್ನೂ ತರುವುದು ಅವಳೇ. ಹೀಗೆ ತರುವಾಗ ನಾಲ್ಕು ತಿಂಗಳ ಹಿಂದೆ ಮೊದಲ ಸಲ ತನ್ನ ಚೀಟಿಯಲ್ಲಿ ತಾನು ಹೇಳದ ತೂತೊಂದನ್ನು ಕಂಡಳು. ಬಲಕ್ಕೆ, ಕೆಳಗೆ, ಬಿಳಿಯಲ್ಲಿ. ಸಾಹೇಬರ ಚೀಟಿಯಲ್ಲಿ ಒಂದು ಕಡಿಮೆ. ಅಲ್ಲೇ, ಮಣ್ಣಿನ ಗೋಡೆಯ ಮುಂದೆ, ಬೆನ್ನು ತಿರುಗಿಸಿ ನಿಂತು, ಜೇಬಿನಲ್ಲಿದ್ದ ಬಿಳಿ ಬೊಟ್ಟಿಗೆ ಎಂಜಲು ಹಚ್ಚಿ ತನ್ನ ಚೀಟಿಗೆ ಅಂಟಿಸಿದ್ದಳು, ಅವರ ಚೀಟಿಗೆ ಪೆನ್ಸಿಲಿನ ತುದಿಯಿಂದ ಒಂದು ತೂತು ಚುಚ್ಚಿದ್ದಳು. ಕೈ ನಡುಗಿರಲಿಲ್ಲ. ಅದೇ ಈಗ ನೆನೆದರೆ ಭಯ. ಆಮೇಲೆ ಇನ್ನೆರಡು ಸಲ. ಸಾಹೇಬರು ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು, "ಎಪ್ಪತ್ತೊಂದು. ಪರವಾಗಿಲ್ಲ, ಮುದುಕ ಇನ್ನೂ ಇದ್ದಾನೆ," ಎಂದು ನಕ್ಕಾಗ ಅವಳು ಬೂಟಿನ ಲೇಸು ಬಿಗಿದುಕೊಂಡಿದ್ದಳು. ಇದು ಕೃತಜ್ಞತೆಯೇ, ಅಥವಾ ಅವರು ಹೋದರೆ ತಾನೂ ಹೋಗಬೇಕಾಗುತ್ತದೆಂಬ ಲೆಕ್ಕವೇ ಎಂದು ಬಸ್ಸಿನಲ್ಲಿ ಕೂತಾಗ, ಬಟ್ಟೆಯನ್ನು ದೀಪಕ್ಕೆ ಹಿಡಿದಾಗ, ಅನ್ನ ಕಲಸುವಾಗ ಕೇಳಿಕೊಂಡಿದ್ದಾಳೆ. ಬಟ್ಟೆಯಾದರೆ ಬೆಳಕಿಗೆ ಹಿಡಿದು ನೋಡಬಹುದು. ಕಾರ್ಯದರ್ಶಿ ಹೇಳುವುದೂ ತಪ್ಪಲ್ಲ. ಇವತ್ತು ಪಕ್ಕದ ಚೀಟಿ, ನಾಳೆ ಇನ್ನೇನು? ಆದರೆ ಸಾಹೇಬರ ಬಂದೂಕಿನ ಮೂತಿ ಯಾವತ್ತೂ ಮಣ್ಣಿನ ಗೋಡೆ ಬಿಟ್ಟು ಬೇರೆ ಕಡೆ ತಿರುಗಿದ್ದನ್ನು ಅವಳು ನೋಡಿಲ್ಲ. ಅವರು ದಾರಿ ತಪ್ಪುವುದು ಒಂದು ಚೀಟಿಯಿಂದ ಇನ್ನೊಂದಕ್ಕೆ, ಒಂದು ಗೇಣು, ಅಷ್ಟೇ. ಇವತ್ತಿನ ಪರೀಕ್ಷೆಯಲ್ಲಿ ಚೀಟಿ ತರುವುದು ಕಾರ್ಯದರ್ಶಿ. ಬೊಟ್ಟು ನಡೆಯುವುದಿಲ್ಲ.

ನಾಲ್ಕು ಚಾಪೆ ಹಾಸಿದರು. ಒಂದರಲ್ಲಿ ಡಾಕ್ಟರು, ಎರಡು ಖಾಲಿ, ಮೂರರಲ್ಲಿ ಅವಳು, ನಾಲ್ಕರಲ್ಲಿ ಕ್ಲಬ್ಬಿನ ರೈಫಲ್ ಹಿಡಿದ ಸಾಹೇಬರು. ಅವಳ ಮತ್ತು ಅವರ ನಡುವೆ ಮೂರು ಕಾಲಿನ ಮೇಲೆ ನಿಲ್ಲಿಸಿದ ದುರ್ಬೀನು, ಇಬ್ಬರಿಗೂ ಸೇರಿದ್ದು. ಮಲಗುವ ಮುಂಚೆ ಸಾಹೇಬರು, "ಇವತ್ತು ಮಾತಿಲ್ಲವಂತೆ. ಹತ್ತೂ ನೆನಪಿಟ್ಕೋ. ಮುಗಿದ ಮೇಲೆ ಹೇಳು, ಬರ್ಕೋತೀನಿ," ಅಂದರು. ಅವಳು ಮಲಗಿದಳು. ರೈಫಲ್ಲಿನ ಪಟ್ಟಿ ತೋಳಿಗೆ ಬಿಗಿಯಿತು. ತಾಮ್ರದ ತಂತಿ ಅಂಗೈಗೆ ತಣ್ಣಗೆ ಸಿಕ್ಕಿತು. ತೋಟಾ ಅವಳ ಕಿರುಬೆರಳಿನ ಒಂದು ಗೆಣ್ಣಿನಷ್ಟು, ಹಿತ್ತಾಳೆಯ ಒಡಲು, ಸೀಸದ ಮೂತಿ. ದೊಡ್ಡ ತೋಟಾಗಳಿಗೆ ಬುಡದ ನಡುವೆ ಹೊಡೆಯಬೇಕು, ಇದಕ್ಕೆ ಅಂಚಿಗೆ ತಟ್ಟಿದರೆ ಸಾಕು, ಎಂದು ಸಾಹೇಬರು ಮೊದಲ ವಾರ ಖಾಲಿ ಕೊಳವೆಯ ಅಂಚಿನ ಚಿಕ್ಕ ಗುಳಿ ತೋರಿಸಿದ್ದರು. ಆ ಗುಳಿಯನ್ನು ಅವಳು ಉಗುರಿನಿಂದ ತುಂಬ ಹೊತ್ತು ಮುಟ್ಟಿ ನೋಡಿದ್ದಳು. ಕಚ್ಚಿನ ನಡುವೆ ಕಡ್ಡಿ ಬಂತು. ಕಡ್ಡಿಯ ಎರಡೂ ಪಕ್ಕ ಒಂದೇ ಅಗಲದ ಬೆಳಕು. ಕಣ್ಣಿಗೆ ಒಂದು ಸಲಕ್ಕೆ ಒಂದನ್ನೇ ಸ್ಪಷ್ಟವಾಗಿ ನೋಡಲು ಬರುತ್ತದೆ, ಕಡ್ಡಿಯನ್ನು ನೋಡು, ಚೀಟಿಯ ನಡುವಿನ ಕಪ್ಪು ಮಬ್ಬಾಗಿರಲಿ. ಗುರಿಯನ್ನೇ ನೋಡುತ್ತ ಕೂತರೆ ಗುರಿ ತಪ್ಪುತ್ತದೆ. ಮಬ್ಬು ಕಪ್ಪು, ಗೂಟದ ಮೇಲಿಟ್ಟ ನೇರಳೆ ಹಣ್ಣಿನ ಹಾಗೆ, ಕಡ್ಡಿಯ ತುದಿಯಲ್ಲಿ ಕೂತಿತು. ಉಸಿರು ಅರ್ಧ ಬಿಟ್ಟಳು. ಗುಂಡು ಹೋಯಿತು. ಒಂಬತ್ತು, ಮೇಲೆ, ಎಂದು ಮನಸ್ಸಿನಲ್ಲಿ ಹೇಳಿಕೊಂಡಳು.

ಎರಡನೆಯದು ಎಂಟು. ಮೂರನೆಯದು ಹತ್ತು, ಅದು ಹೋಗುವಾಗಲೇ ಗೊತ್ತಾಗಿತ್ತು, ಒಳ್ಳೆಯ ಹೊಲಿಗೆಯ ಕೊನೆಯಲ್ಲಿ ದಾರ ತಾನೇ ಬಿಗಿಯುವ ಹಾಗೆ. ಪಕ್ಕದಲ್ಲಿ ಸಾಹೇಬರು ತೋಟಾ ತುಂಬಲು ಬೋಲ್ಟು ತೆರೆದು ಮುಚ್ಚುವ ಸದ್ದನ್ನು ಅವಳು ಎಣಿಸಬೇಕೆಂದುಕೊಂಡಿರಲಿಲ್ಲ, ಆದರೆ ಎಣಿಸುತ್ತಿದ್ದಳು. ಅವರ ಉಸಿರು ದೊಡ್ಡದಾಗಿ ಕೇಳುತ್ತಿತ್ತು. ಎಂಟು. ಒಂಬತ್ತು. ಒಂಬತ್ತು. ಅಮ್ಮ ಬೆಳಿಗ್ಗೆ ಬುತ್ತಿ ಕಟ್ಟುವಾಗ, "ಆ ಮುದುಕರಿಗೂ ಸೇರಿಸಿ ಇಟ್ಟಿದೀನಿ. ನಿನ್ನ ಬಾಯಿ ಬಿಡಿಸಿದ ಪುಣ್ಯಾತ್ಮ, ಅವರಿಗೆ ಎರಡು ಜಾಸ್ತಿ," ಅಂದದ್ದು ಯಾಕೋ ನೆನಪಾಯಿತು. ನಗುವವಳೂ ಎಲ್ಲ ನೋಡುತ್ತಲೇ ಇರುತ್ತಾಳೆ. ಎಂಟು. ಆ ಎಂಟು ಅಮ್ಮನಿಂದಾಗಿ. ಒಂಬತ್ತು. ಒಂಬತ್ತನೆಯ ಗುಂಡು ಮತ್ತೆ ಎಂಟು, ಎಡಕ್ಕೆ. ಕೂಡಿದರೆ ಎಪ್ಪತ್ತೆಂಟು. ಇನ್ನೊಂದು ಏಳು ಸಾಕು. ಕಣ್ಣು ಮುಚ್ಚಿ ತೆರೆದು ತಂಪು ಮಾಡಿಕೊಂಡು ಚೀಟಿಯ ಕಡೆ ಬರಿಗಣ್ಣಿನಿಂದ ನೋಡಿದಳು. ಕಪ್ಪಿನಲ್ಲಿ ಏನೂ ಕಾಣುವುದಿಲ್ಲ, ಅದು ಇಪ್ಪತ್ತೈದು ಮೀಟರ್ ದೂರದ ನೇರಳೆ. ಬಿಳಿಯಲ್ಲಿ, ಬಲಕ್ಕೆ, ಕೆಳಗೆ, ಒಂದು ಚುಕ್ಕೆ ಇತ್ತು.

ಅವಳು ಹೇಳಿಕೊಂಡದ್ದರಲ್ಲಿ ಅದು ಇರಲಿಲ್ಲ. ಅದೇ ಹೊತ್ತಿಗೆ ಪಕ್ಕದಲ್ಲಿ ಸಾಹೇಬರು ಬೋಲ್ಟು ತೆರೆದು, ತೆರೆದೇ ಬಿಟ್ಟು, ರೈಫಲ್ಲನ್ನು ಚಾಪೆಯ ಮೇಲಿಟ್ಟರು. ಅವರ ಹತ್ತೂ ಮುಗಿದಿತ್ತು. ಅವಳು ದುರ್ಬೀನಿಗೆ ಕಣ್ಣಿಟ್ಟಳು. ತನ್ನ ಚೀಟಿಯಲ್ಲಿ ಹತ್ತು ತೂತು, ಹತ್ತನೆಯದು ಐದರ ಸುತ್ತಿನಲ್ಲಿ. ಒಂದು ಕೂದಲೆಳೆ ಬಲಕ್ಕೆ ತಿರುಗಿಸಿ ಅವರ ಚೀಟಿ ನೋಡಿದಳು. ಒಂಬತ್ತು. ಮತ್ತೆ ಎಣಿಸಿದಳು. ಒಂಬತ್ತು. ಹಿಂದೆ ಕಾರ್ಯದರ್ಶಿ, "ಇನ್ನು ಮೂರು ನಿಮಿಷ," ಅಂದರು. ಎಷ್ಟು ಸರಳವಾಗಿತ್ತು. ಸೌದೆಯಲ್ಲಿ ಇನ್ನೊಂದು ತೋಟಾ ಇತ್ತು. ಅದನ್ನು ತನ್ನ ಚೀಟಿಗೆ ಬಿಟ್ಟರೆ ಅಲ್ಲಿ ಹನ್ನೊಂದು, ಪಕ್ಕದಲ್ಲಿ ಒಂಬತ್ತು, ಕುರುಡನಿಗೂ ಅರ್ಥವಾಗುವ ಲೆಕ್ಕ. ಆ ಐದನ್ನು ಕಾರ್ಯದರ್ಶಿ ಹೊಡೆದುಹಾಕುತ್ತಾರೆ, ಅವಳು ಸದಸ್ಯೆಯಾಗುತ್ತಾಳೆ, ಸಾಹೇಬರು ಶಾಶ್ವತವಾಗಿ ಆಚೆ. ಪಕ್ಕದ ಚೀಟಿಗೆ ಬಿಟ್ಟರೆ ಹತ್ತು, ಹತ್ತು. ಅವರು ಉಳಿಯುತ್ತಾರೆ, ಅವಳ ಎಪ್ಪತ್ತೆಂಟಕ್ಕೆ ಐದು ಸೇರಿ ಎಂಬತ್ತಮೂರು. ಬೆವರು ಹುಬ್ಬಿನಿಂದ ಇಳಿದು ಕಣ್ಣಿನ ಮೂಲೆಯಲ್ಲಿ ಉರಿಯಿತು. ಯಾರ ಹಂಗೂ ಇಲ್ಲದೆ ಇರುವುದು ಹೇಗಿರುತ್ತದೆಂದು ಒಂದು ಉಸಿರಿನಷ್ಟು ಹೊತ್ತು ನೋಡಿದಳು. ಫಲಕದ ಮೇಲೆ ಹೆಸರು, ತಾನೇ ಬಾಗಿಲು ತೆಗೆದು, ತಾನೇ ಚಾಪೆ ಹಾಸಿ, ಗುಂಡು ಬಿಟ್ಟು, ಎಲ್ಲಿ ಹೋಯಿತೆಂದು ಹೇಳುವುದು. ಯಾರಿಗೆ?

ಗುರಿ ಬದಲಾದರೆ ಕೈ ತಿರುಗಿಸಬೇಡ, ಹೊಟ್ಟೆ ತಿರುಗಿಸು. ಕೈ ತಿರುಗಿಸಿದರೆ ಕೈ ವಾಪಸು ಬರಲು ಹಾತೊರೆಯುತ್ತದೆ, ಇಡೀ ಮೈ ಆ ಕಡೆ ಮಲಗಬೇಕು. ಇದನ್ನೂ ಅವರೇ ಕಲಿಸಿದ್ದು. ಅವಳು ಮೊಣಕೈ ಅಲ್ಲೇ ಬಿಟ್ಟು, ಹೊಟ್ಟೆಯನ್ನು ಒಂದು ಹೆಬ್ಬೆರಳಿನಷ್ಟು ಎಡಕ್ಕೆ ಸರಿಸಿದಳು. ಮೂತಿ ಬಲಕ್ಕೆ ಹೋಯಿತು. ಚಾಪೆಯ ಕ್ಯಾನ್ವಾಸು ಸರ್ ಎಂದಿತು, ಸಣ್ಣಗೆ, ಬೆಂಚಿನ ಮೇಲೆ ಕಾಗದ ಸರಿದ ಹಾಗೆ. ನಾಲ್ಕನೆಯ ಚೀಟಿಯ ಕಪ್ಪು ಕಡ್ಡಿಯ ಮೇಲೆ ಬಂದು ಕೂತಿತು. ಏಳಕ್ಕೆ ಬಿಡೋಣ, ಎಡ ಕೆಳಗೆ, ಅವರ ಉಳಿದ ತೂತುಗಳ ಹತ್ತಿರ, ಅಲ್ಲಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಲೆಕ್ಕ ಹಾಕಿದಳು. ಆದರೆ ಕಡ್ಡಿಯನ್ನು ಸೊಟ್ಟಗೆ ಹಿಡಿಯಲು ಕೈ ಒಪ್ಪಲಿಲ್ಲ. ಎರಡು ವರ್ಷ ಪಳಗಿದ ಕೈ. ಬೆಳಕಿನ ಎರಡು ಸಮ ಪಟ್ಟಿಗಳ ನಡುವೆ ಕಡ್ಡಿ ಅಲುಗದೆ ನಿಂತಿತು, ಇಷ್ಟು ಅಲುಗದೆ ಅದು ಯಾವತ್ತೂ ನಿಂತಿರಲಿಲ್ಲ. ಅವಳ ಒಳಗೆ ಹೆಸರಿಲ್ಲದ ಒಂದು ಸಂತೋಷ ಗಂಟಲವರೆಗೆ ಬಂತು. ಹಾಸಿಕೊಟ್ಟ ಚಾಪೆ, ನೋಡದ ಗಡಿಯಾರ, ಆತುರವಿಲ್ಲದ ಕಾಯುವಿಕೆ, ಅಗ್ಗದ ಮರದ ಮೇಲೆ ಸುತ್ತಿದ ತಂತಿ ಎಲ್ಲ ಆ ಕಡ್ಡಿಯ ತುದಿಯಲ್ಲಿದ್ದವು. ಬೆರಳು ಯಾವಾಗ ಒತ್ತಿತೋ ತಿಳಿಯಲಿಲ್ಲ. ಹತ್ತು, ಎಂದು ಹೇಳಿಕೊಂಡಳು. ನಡುವೆ.

ಕಾರ್ಯದರ್ಶಿ ಚೀಟಿಗಳನ್ನು ತಂದು ಮೇಜಿನ ಮೇಲೆ ಹರಡಿ ಅಳತೆಯ ಗಾಜು ಇಟ್ಟು ನೋಡಿದರು. ಡಾಕ್ಟರಿಗೆ ತೊಂಬತ್ತೊಂದು. "ಇದೇನ್ರೀ ಸಾಹೇಬ್ರೇ!" ಎಂದು ಕಾರ್ಯದರ್ಶಿ ನಾಲ್ಕನೆಯ ಚೀಟಿಯನ್ನು ಎತ್ತಿ ಹಿಡಿದರು, ಅವರ ದನಿ ಮೊದಲ ಸಲ ಫಲಕದಿಂದ ಇಳಿದು ಮನುಷ್ಯರದಾಯಿತು. "ಹತ್ತೂ ಒಳಗೆ. ಅದರಲ್ಲಿ ಒಂದು ನಡು ಹತ್ತು, ಕೊರೆದಿಟ್ಟ ಹಾಗಿದೆ. ನಿಮ್ಮ ಬಗ್ಗೆ ಸುಮ್ಮನೆ ಹೆದರಿದ್ದೆ, ತಪ್ಪಾಯ್ತು." ಡಾಕ್ಟರು ಬಗ್ಗಿ ನೋಡಿ ಶಿಳ್ಳೆ ಹಾಕಿದರು. "ನನ್ನ ತಿರುಪುಗಳನ್ನೆಲ್ಲ ಬಿಚ್ಚಿ ಮಾರಿಬಿಡ್ತೀನಿ." ಸಾಹೇಬರು ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿಯಲಿಲ್ಲ. ನಡುವಿನ ತೂತಿಗೆ ಹೆಬ್ಬೆರಳು ಇಟ್ಟು ತಡವಿದರು, ಚೀಲದ ಹೊಲಿಗೆಯನ್ನು ತಡವಿದ ಹಾಗೆ. "ಹುಡುಗಿಗೆ ಎಂಬತ್ತಮೂರು," ಅಂದರು ಕಾರ್ಯದರ್ಶಿ. "ಎರಡು ಕಮ್ಮಿ. ಈ ಐದು ನೋಡು, ಇದೇ ಹಾಳು ಮಾಡಿದ್ದು. ಕೊನೇಲಿ ಗಾಬರಿ ಆಯ್ತಾ? ಆಗುತ್ತೆ. ಮುಂದಿನ ವರ್ಷ ನೋಡೋಣ." ಅವಳು ತಲೆಯಾಡಿಸಿದಳು. ಗಾಬರಿಯವಳು ಎಂಬ ಮಾತು ಹಳೆಯ ಅಂಗಿಯ ಹಾಗೆ ಮೈಗೆ ಸರಿಯಾಗಿ ಕೂತಿತು, ಸ್ವಲ್ಪ ಚುಚ್ಚಿತು, ಅಷ್ಟೇ. "ಸಹಿ ಮಾಡಿ ಕೊಡಿ ಇಬ್ಬರೂ, ಟೀ ಮುಗಿಸಿ ಬರ್ತೀವಿ, ದಾಖಲೆಗೆ ಹಾಕ್ತೀನಿ." "ಚೀಟಿ ನನ್ನ ಹತ್ರ ಇರಲಿ," ಅಂದರು ಸಾಹೇಬರು. "ಒಂದು ಕೆಲಸ ಉಳಿದಿದೆ." ಕಾರ್ಯದರ್ಶಿ ಮತ್ತು ಡಾಕ್ಟರು ಟೀಗೆ ಹೋದರು. ಡಾಕ್ಟರ ನಗು ಶೆಡ್ಡಿನ ಮೂಲೆ ತಿರುಗಿ ಸಣ್ಣದಾಯಿತು.

ಬೆಂಚಿನ ಮೇಲೆ ಅಂಟು ಒಣಗಿ ಸಿಪ್ಪೆಯಾಗಿತ್ತು. ಬೆಳಗಿನ ಬೊಟ್ಟುಗಳು ಹಾಗೇ ಬಿದ್ದಿದ್ದವು. ಸಾಹೇಬರು ಎರಡೂ ಚೀಟಿಗಳನ್ನು ಬೋರಲು ಹಾಕಿ, ಗೆರೆ ಹಾಕಿದ ಪುಸ್ತಕ ತೆರೆದು, ಪೆನ್ಸಿಲ್ ಕೈಗೆ ತೆಗೆದುಕೊಂಡರು. ಅವಳು ಬುತ್ತಿಯ ಗಂಟು ಬಿಚ್ಚಿ ಅವರ ಪಾಲನ್ನು ಅವರ ಮುಂದೆ ಇಟ್ಟಳು. "ಅಮ್ಮ ಕೊಟ್ಟಿದ್ದು. ಎರಡು ಜಾಸ್ತಿ." "ಆಮೇಲೆ ತಿನ್ನೋಣ," ಅಂದರು. "ಮೊದಲು ಹೇಳು. ಒಂದನೇದು?"

"ಒಂಬತ್ತು. ಮೇಲೆ."

"ಎರಡು?"

"ಎಂಟು, ಬಲಕ್ಕೆ."

"ಮೂರು?"

"ಹತ್ತು."

ಅವರು ಬರೆದುಕೊಂಡರು. ಅಂಕಿಗಳು ಗೆರೆಯಿಂದ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಕೂರುತ್ತಿದ್ದವು. ಎಂಟು. ಒಂಬತ್ತು. ಒಂಬತ್ತು. "ಏಳನೇದಕ್ಕೆ ಅಮ್ಮ ನೆನಪಾದ್ರು, ಎಂಟು ಆಯ್ತು," ಅಂದಳು. ಅವರು ನಕ್ಕರು, "ಅಮ್ಮಂದಿರು ಹಾಗೇ, ಸಮಯ ನೋಡಲ್ಲ." ಎಂಟನೆಯದು ಒಂಬತ್ತು. "ಒಂಬತ್ತನೇದು?" "ಎಂಟು. ಎಡಕ್ಕೆ." ಅವರು ಅದನ್ನೂ ಬರೆದರು. ಆಮೇಲೆ ಪೆನ್ಸಿಲ್ ಎತ್ತಿದರು, ಹೊರಗಿನ ಮಣ್ಣಿನ ಗೋಡೆಯ ಕಡೆ ನೋಡಿದರು. ನಲವತ್ತು ವರ್ಷ ಅಂಗಡಿಗಳ ಹೊಸ್ತಿಲಲ್ಲಿ ನಿಂತು, ತಕ್ಕಡಿಯ ಮುಳ್ಳು ನಿಲ್ಲುವುದನ್ನು ಕಾದ ಮುಖ. ಅದರಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

"ಎರಡು ವರ್ಷ ಆಯ್ತು ನನಗೆ ನಡು ಹತ್ತು ಬಿದ್ದು," ಅಂದರು, ಯಾರಿಗೋ ಹೇಳುವ ಹಾಗೆ. "ನೀನು ಬರೋಕೆ ಮುಂಚೆ. ಈಗ ಎರಡು ಚೀಟಿ ಒಂದರ ಮೇಲೊಂದು ತೇಲುತ್ತವೆ. ಇವತ್ತು ಏಳನೇ ಗುಂಡು ಬಿಟ್ಟಾಗ ಹೇಳ್ಕೊಂಡೆ, ಎಲ್ಲಿ ಹೋಯ್ತೋ ಗೊತ್ತಿಲ್ಲ ಅಂತ. ಹಾಗೆ ಹೇಳ್ಕೊಂಡದ್ದು ಅದೊಂದೇ." ಪೆನ್ಸಿಲನ್ನು ಬೆರಳುಗಳ ನಡುವೆ ಒಮ್ಮೆ ಉರುಳಿಸಿದರು. "ಕಣ್ಣು ಹೋಗ್ತಿದೆ. ಕಿವಿ ಹೋಗಿಲ್ಲ. ಚಾಪೆ ಸರಿದದ್ದು ಕೇಳಿಸ್ತು."

ಅವಳ ಗಂಟಲು ಮುಚ್ಚಿತು. ಆದರೆ ಇದು ಆ ಕ್ಲಾಸಿನ ಮುಚ್ಚುವಿಕೆಯಲ್ಲ ಎಂದು ಆಶ್ಚರ್ಯದಿಂದ ಗಮನಿಸಿದಳು. ಅಂದು ಒಳಗೆ ಏನೂ ಇರಲಿಲ್ಲ, ಇಂದು ಬಾಗಿಲಿನಷ್ಟೇ ದೊಡ್ಡದೊಂದು ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ನಿಜ ಹೇಳಿದರೆ ಅವರು ಈಗಲೇ ಎದ್ದು ಹೋಗಿ ಕಾರ್ಯದರ್ಶಿಯ ಮೇಜಿನ ಮೇಲೆ ಸಹಿಯಿಲ್ಲದ ಚೀಟಿ ಇಡುತ್ತಾರೆ, ಅವರು ಅಂಥವರೇ. ಸುಳ್ಳು ಹೇಳಿದರೆ, ಐದು, ಬಲಕ್ಕೆ, ಕೆಳಗೆ ಎಂದರೆ, ಅವರು ಬರೆದುಕೊಳ್ಳುತ್ತಾರೆ, ಸಹಿ ಹಾಕುತ್ತಾರೆ, ಮುಂದಿನ ವಾರ ಬಂದು ಪಕ್ಕದಲ್ಲಿ ಮಲಗುತ್ತಾರೆ. ಎರಡು ವರ್ಷದಲ್ಲಿ ಅವರು ಕಲಿಸಿದ ಒಂದೇ ಒಂದು ವಿಷಯ ಮಾತ್ರ ಇವತ್ತಿನಿಂದ ಇರುವುದಿಲ್ಲ. ಅವಳು ಅವರ ಹೆಬ್ಬೆರಳನ್ನು ನೋಡಿದಳು. ಬೆಳಗಿನ ಕರಿ ಬೊಟ್ಟು ಇನ್ನೂ ಅಲ್ಲೇ ಇತ್ತು, ಅಂಚು ಎದ್ದು. ಕೈ ಚಾಚಿ, ಹೊಲಿಗೆಯ ದಾರದ ತುದಿಯನ್ನು ತೆಗೆಯುವಷ್ಟು ಮೆಲ್ಲಗೆ, ಅದನ್ನು ತೆಗೆದು, ಬಿಸಾಡದೆ, ಅವರ ಅಂಗೈಗೆ ಇಟ್ಟಳು. ಅವರು ಅದು ಏನೆಂದು ಬೆರಳಿನಿಂದ ತಿಳಿದುಕೊಂಡರು. ಮುಖದ ಮೇಲೆ ಒಂದು ಚಿಕ್ಕ ನಗು ಬಂದು, ಹೋಗದೆ ಉಳಿಯಿತು.

ಆಮೇಲೆ ಪೆನ್ಸಿಲಿನ ಮೊನೆಯನ್ನು ಪುಸ್ತಕದ ಮೇಲಿಟ್ಟರು. ಅದು ಹತ್ತನೆಯ ಗೆರೆಗಿಂತ ಎರಡು ಗೆರೆ ಕೆಳಗೆ, ಖಾಲಿ ಜಾಗದಲ್ಲಿ ಕೂತಿತ್ತು. ಅವಳು ಪುಸ್ತಕವನ್ನೇ ಮೆಲ್ಲಗೆ ಅವರ ಕಡೆಗೆ ಸರಿಸಿದಳು, ಮೊನೆ ಗೆರೆಗೆ ಸರಿಯಾಗಿ ಬರುವವರೆಗೆ. ಪುಸ್ತಕ ಸರಿದದ್ದೂ ಅವರಿಗೆ ಕೇಳಿಸಿತು. ಶೆಡ್ಡಿನ ಆಚೆ ಟೀ ಲೋಟಗಳನ್ನು ಕೆಳಗಿಡುವ ಸದ್ದಾಯಿತು, ಕುರ್ಚಿ ಹಿಂದೆ ಸರಿಯಿತು.

"ಹತ್ತನೇದು ಎಲ್ಲಿ ಹೋಯ್ತು, ಹೇಳಮ್ಮ," ಅಂದರು.